ಕನ್ಯಾ ಎಂಬ ಕರ್ಮಪದ

ಸಿಂಧನೂರು ತಾಲ್ಲೂಕಿನ ಸಾಲಗುಂದದ ಕಡೆ ಮಗನಿಗೆ ಮದುವೆ ಮಾಡಬೇಕೆಂದವರು ‘ಹೆಣ್ಣು ನೋಡಲು’ ಹೋಗುವುದಕ್ಕಿಂತ ‘ಕನ್ಯಾ ನೋಡಾಕ’ ಹೋಗುವುದೇ ಹೆಚ್ಚು. ಕನ್ಯಾ ಬೇಡುತ್ತಾರೆ, ಕೊಡುತ್ತಾರೆ, ತರುತ್ತಾರೆ. ಲಿಂಗಸುಗೂರು, ಮಸ್ಕಿಗಳಲ್ಲೂ ಇದೇ ಮಾತು. ಈ ಎಲ್ಲ ವಾಕ್ಯಗಳಲ್ಲಿ ಕನ್ಯಾ ಎಂಬುದು ಕರ್ಮಪದ. ಮಾಡುವವರು ಬೇರೆ ಯಾರೋ. ಒಕ್ಕಲುತನದ ಹುಡುಗರ ತಾಯ್ತಂದೆಯರು ಈಗ ‘ಕನ್ಯಾ ಸಿಗವಲ್ದು’ ಎಂದು ಮರುಗುವಾಗ ಮಾತ್ರ ಅದು ಕರ್ತೃಪದವಾಗುತ್ತದೆ. ಆಗಲೂ ಕ್ರಿಯಾಪದಕ್ಕೆ ಹತ್ತುವುದು ನಪುಂಸಕಲಿಂಗದ ಪ್ರತ್ಯಯವೇ. ಹರೆಯದ ಹೆಣ್ಣುಮಕ್ಕಳಿಗಿರುವ ಹೆಸರುಗಳ ಬೆಲೆಯನ್ನು ಅವುಗಳ ಹುಟ್ಟಿನಲ್ಲಿ ಹುಡುಕುವುದು ವಾಡಿಕೆ. ಆ ಬೆಲೆ ಇರುವುದು ಪಕ್ಕದ ಕ್ರಿಯಾಪದದಲ್ಲಿ ಎಂಬುದು ನನ್ನ ವಾದ.

ಹುಟ್ಟಿನಲ್ಲಿ ಈ ಪದಕ್ಕೆ ಯಾವ ಕುಂದೂ ಇಲ್ಲ. ಸಂಸ್ಕೃತದ ‘ಕನ್ಯಾ’ ಎಂದರೆ ಎಳೆಯವಳು, ಮದುವೆಯಾಗದವಳು. ಮದುವೆಗೆ ಮುಂಚೆ ಕುಂತಿಗೆ ಹುಟ್ಟಿದ ಕರ್ಣನನ್ನು ಕಾನೀನ, ಅಂದರೆ ಕನ್ಯೆಯ ಮಗ, ಎಂದು ಕರೆದದ್ದರಲ್ಲೇ ಪದ ಎಷ್ಟು ಸಡಿಲವಾಗಿತ್ತೆಂಬುದು ಕಾಣುತ್ತದೆ. ಕನ್ನಡಕ್ಕೆ ಬಂದು ‘ಕನ್ನೆ’ಯಾದ ಮೇಲಂತೂ ಅದು ಇನ್ನಷ್ಟು ಹಿಗ್ಗಿತು. ಶಾಸನಗಳ ಕನ್ನೆಗೆರೆ ಹೊಸದಾಗಿ ಕಟ್ಟಿಸಿದ ಕೆರೆ. ಕನ್ನೆವಸದಿ ಮೊದಲ ಬಸದಿ. ನೇಗಿಲು ಕಾಣದ ಹೊಲ ಕನ್ನೆನೆಲ. ಮೊದಲು, ಹೊಸತು, ಆರಂಭ: ಈ ಪದದ ಮೇಲಿದ್ದ ಹೊಳಪು ಅದು. ಕೆರೆಗೆ ಗೌರವ ತಂದ ಮಾತು ಹುಡುಗಿಯನ್ನು ಕೊಡುಗೆಯ ವಸ್ತುವಾಗಿಸಿದ್ದು ‘ದಾನ’ ಎಂಬ ಜೊತೆಮಾತಿನಿಂದ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕಥೆಯೇ ಇದಕ್ಕೆ ಸಾಕ್ಷಿ. ಹದಿನೇಳನೆಯ ಶತಮಾನದ ಮೊದಲಲ್ಲಿ ಬಿಜಾಪುರದ ಆಶ್ರಯದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಪಾರಸಿಯಲ್ಲಿ ಬರೆದಂತೆ, ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವಿನ ಸುದ್ದಿ ಬ್ರಾಹ್ಮಣನೊಬ್ಬನಿಂದ ವಿಜಯನಗರದ ಒಂದನೆಯ ದೇವರಾಯನಿಗೆ ಮುಟ್ಟಿತು. ರಾಯ ಕಳಿಸಿದ ಹಾರವನ್ನು ಹುಡುಗಿ ಕೊರಳಿಗೆ ಹಾಕಿಸಿಕೊಳ್ಳಲಿಲ್ಲ. ಆ ಅರಮನೆ ಹೊಕ್ಕವರು ಮತ್ತೆ ಹೆತ್ತವರನ್ನು ಕಾಣುವುದಿಲ್ಲವೆಂದಳು. ಆಮೇಲೆ ಬಹಮನಿ ಸುಲ್ತಾನನೊಡನೆ 1406ರ ಯುದ್ಧ. ಸೋತ ರಾಯ ತನ್ನ ಮಗಳನ್ನು ಫಿರೋಜ್ ಷಾ ಬಹಮನಿಗೆ ಕೊಟ್ಟ, ಜೊತೆಗೆ ಬಂಕಾಪುರದ ಕೋಟೆಯನ್ನೂ ಕೊಟ್ಟ. ಮುದಗಲ್ಲಿನ ಹುಡುಗಿ ಸುಲ್ತಾನನ ಮಗ ಹಸನ್ ಖಾನನ ಪಾಲಾದಳು. ಅವಳನ್ನು ಫೆರಿಷ್ತಾನ ಒಂದು ಇಂಗ್ಲಿಷ್ ಅನುವಾದ ಪೆರ್ತಾಲ್ ಎಂದರೆ ಬ್ರಿಗ್ಸ್ ಮಾಡಿದ ಅನುವಾದ ನೇಹಾಲ್ ಎನ್ನುತ್ತದೆ. ಕೋಟೆಯ ಹೆಸರಿನಲ್ಲಿ ಮಾತ್ರ ಯಾರಿಗೂ ಗೊಂದಲವಿಲ್ಲ. ಇಂಥ ಕಥೆಯ ನಾಯಕಿಗೆ ಇಂಗ್ಲಿಷಿನಲ್ಲಿ ಡ್ಯಾಮ್ಸೆಲ್ ಎಂಬ ಹಳೆಯ ಹೆಸರುಂಟು. ಅದರ ಬೇರು ಲ್ಯಾಟಿನ್ನಿನ ‘ಡೊಮಿನಾ’, ಅಂದರೆ ಮನೆಯೊಡತಿ. ಪುಟ್ಟ ಒಡತಿಯಾಗಿದ್ದವಳು ಕಥೆಗಳಲ್ಲಿ ‘ಕಾಪಾಡು’ ಎಂಬ ಕ್ರಿಯಾಪದದ ನೆರೆಗೆ ಬಂದು, ಆಪತ್ತಿನಲ್ಲಿ ಕಾದು ಕುಳಿತ ಹುಡುಗಿಯಾದಳು.

ಫೆರಿಷ್ತಾ ಬರೆದದ್ದು ಘಟನೆಯಾಗಿ ಇನ್ನೂರು ವರ್ಷದ ಮೇಲೆ; ಜಗಳದ ಬೇರು ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬ್ ನೆಲ, ಹುಡುಗಿಯಲ್ಲ ಎನ್ನುವವರಿದ್ದಾರೆ. ಒಪ್ಪುತ್ತೇನೆ. ನೆಲಕ್ಕಾಗಿ ನಡೆದ ಯುದ್ಧವನ್ನು ಹೇಳಲು ಕಥೆಗಾರನಿಗೆ ಒಬ್ಬ ಕನ್ಯೆ ಬೇಕಾದಳೆಂಬುದೇ ನನಗೆ ಮುಖ್ಯ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ‘ವರ ನೋಡುವುದೂ’ ಇದೆಯಲ್ಲ? ಇದೆ. ಆದರೆ ವರನನ್ನು ದಾನ ಕೊಡುವುದಿಲ್ಲ. ಅವನನ್ನು ಹೆಣ್ಣಿನ ಮನೆಗೆ ತಂದಿಟ್ಟುಕೊಂಡರೆ ಅದಕ್ಕೆ ‘ಮನೆ ಅಳಿಯ’ ಎಂಬ ಬೇರೆ ಹೆಸರೇ ಬೇಕಾಗುತ್ತದೆ. ಮನೆ ಬಿಟ್ಟು ಬರುವ ಹುಡುಗಿಗೆ ಅಂಥ ವಿಶೇಷ ಹೆಸರು ಯಾರಿಗೂ ಬೇಕೆನಿಸಿಲ್ಲ. ಹಲವು ಸಮುದಾಯಗಳಲ್ಲಿ ಗಂಡಿನ ಕಡೆಯವರೇ ತೆರ ಕೊಡುತ್ತಿದ್ದರು, ಕನ್ಯೆಗೆ ಬೆಲೆಯಿತ್ತು ಎಂಬ ಸಮಾಧಾನವೂ ಕೇಳಿಬರುತ್ತದೆ. ವರದಕ್ಷಿಣೆಯ ಕ್ರೌರ್ಯಕ್ಕಿಂತ ಅದು ಎಷ್ಟೋ ಮೇಲು, ನಿಜ. ಆದರೂ ತೆರ ಸೇರುತ್ತಿದ್ದದ್ದು ಅವಳ ಕೈಗಲ್ಲ.

ಪದ ಹೊರಳಿದ್ದು ಶಾಲೆಯ ಬಾಗಿಲಲ್ಲಿ. ಈ ಸೀಮೆಯ ಊರುಗಳಲ್ಲಿ ‘ಸರ್ಕಾರಿ ಕನ್ಯಾ ಪ್ರೌಢಶಾಲೆ’ ಎಂಬ ಫಲಕಗಳು ಕಾಣುತ್ತವೆ. ಮರಾಠಿಯಲ್ಲೂ ಹೆಣ್ಣುಮಕ್ಕಳ ಶಾಲೆ ಕನ್ಯಾಶಾಳೆಯೇ; ಹೆಸರು ಎಲ್ಲಿಂದ ಬಂದರೇನು, ಕನ್ಯೆ ಇಲ್ಲಿ ಕಲಿಯುತ್ತಾಳೆ, ಬರೆಯುತ್ತಾಳೆ, ಪಾಸಾಗುತ್ತಾಳೆ. ಕ್ರಿಯಾಪದದ ಕೊನೆಯಲ್ಲಿ ಅವಳಿದ್ದಾಳೆ. ಓಣಿಯ ಮಾತಿನಲ್ಲಿ ಎರಡೂ ಒಟ್ಟಿಗೇ ಬದುಕಿವೆ. ‘ನಿಮ್ಮ ಮನ್ಯಾಗ ಕನ್ಯಾ ಐತೇನು?’ ಎಂದು ಬಂದವರು ಕೇಳಿದರೆ ತಾಯಿ ಹೇಳುವ ಉತ್ತರ: ‘ಅದಾಳ, ಓದಾಕತ್ಯಾಳ.’