ಟ್ಯಾಂಕ್ ಎಂಬ ಪದ ಮತ್ತು ಪವಾಯಿಯ ಕೆರೆ

ಪರಭಾಷೆಯ ಪದವೊಂದು ನಮ್ಮ ದಿನಬಳಕೆಯಲ್ಲಿ ಕಲೆತುಹೋದ ಮೇಲೆ ಅದರ ಹುಟ್ಟು ಬೆಳವಣಿಗೆಗಳನ್ನು ವಿಚಾರಿಸುವವರು ವಿರಳ. ಇಂಗ್ಲಿಷಿನ ‘ಟ್ಯಾಂಕ್’ ಎಂಬುದು ಅಂತಹದೊಂದು ಪದ. ಮುಂಬಯಿಯ ಕನ್ನಡಿಗನ ಮಟ್ಟಿಗೆ ಅದು ಕಟ್ಟಡದ ಮಾಳಿಗೆಯ ಮೇಲೆ ನೀರು ತುಂಬಿಡುವ ತೊಟ್ಟಿ. ಮೋಟಾರಿನಲ್ಲಿ ಪೆಟ್ರೋಲು ಹಿಡಿಯುವ ಡಬ್ಬ. ಶ್ರೀಮಂತರ ಮನೆಯಲ್ಲಿ ಬಣ್ಣದ ಮೀನು ಸಾಕುವ ಗಾಜಿನ ಪೆಟ್ಟಿಗೆ. ವೃತ್ತಪತ್ರಿಕೆಯಲ್ಲಿ ಸಮರಾಂಗಣದ ಉಕ್ಕಿನ ರಥ. ಆದರೆ ಇದೇ ನಗರದಲ್ಲಿ ಗೋವಾಲಿಯಾ ಟ್ಯಾಂಕ್ ಎಂಬ ಮೈದಾನವೂ ಸಿ. ಪಿ. ಟ್ಯಾಂಕ್ ಎಂಬ ಕೇರಿಯೂ ಇವೆ. ಅಲ್ಲಿ ತೊಟ್ಟಿಯೂ ಇಲ್ಲ, ರಥವೂ ಇಲ್ಲ. ಈ ಅರ್ಥಗಳೆಲ್ಲ ಒಂದೇ ಪದದ ಒಡಲಲ್ಲಿ ಹೇಗೆ ಸೇರಿದುವು? ಅವುಗಳ ಗೊಂದಲವು ಕೇವಲ ನಿಘಂಟುಕಾರರ ಕುತೂಹಲದ ವಿಷಯವೋ, ಅಥವಾ ನಾಡಿನ ನೆಲಜಲಗಳಿಗೂ ಅದು ತಾಗುವುದೋ? ಪವಾಯಿಯ ಕೆರೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲು ಪದದ ಮೂಲವನ್ನು ನೋಡೋಣ. ಇಂಗ್ಲಿಷಿನಲ್ಲಿ ಇದು ಕಾಣಿಸಿಕೊಳ್ಳುವುದು ಹದಿನೇಳನೆಯ ಶತಮಾನದ ಆದಿಭಾಗದಲ್ಲಿ, ಹಿಂದೂದೇಶಕ್ಕೆ ಬಂದ ಪ್ರವಾಸಿಗಳ ಹಾಗೂ ವರ್ತಕರ ಬರಹಗಳಲ್ಲಿ. ಗುಜರಾತಿಯ ‘ಟಾಂಕು’, ಮರಾಠಿಯ ‘ಟಾಕೆ’ ಎಂಬ ಪದಗಳು ನೆಲದಲ್ಲಿ ತೋಡಿದ ಅಥವಾ ಬಂಡೆಯಲ್ಲಿ ಕೊರೆದ ನೀರಿನ ಕುಳಿಯನ್ನು ಸೂಚಿಸುತ್ತವೆ. ಇಂಗ್ಲಿಷ್ ಪದದ ಮೂಲ ಇದೇ ಎಂಬುದು ಒಂದು ಪಕ್ಷ. ಪೋರ್ತುಗೀಜರ ‘ಟಾಂಕೆ’ ಎಂಬ ಪದವೂ ಕೊಳವನ್ನೇ ಹೇಳುವುದರಿಂದ, ನಿಂತ ನೀರೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದು ಬಂತೆಂಬುದು ಇನ್ನೊಂದು ಪಕ್ಷ. ಯೂಲ್ ಮತ್ತು ಬರ್ನೆಲ್ ಎಂಬ ಪಂಡಿತರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್ ಜಾಬ್ಸನ್’ ಎಂಬ ಪ್ರಸಿದ್ಧ ಕೋಶದಲ್ಲಿ ಈ ಎರಡು ಪಕ್ಷಗಳ ಚರ್ಚೆಯೂ ಉಂಟು. 1534ರಿಂದ 1661ರ ವರೆಗೆ ಮುಂಬಯಿ ದ್ವೀಪಗಳು ಪೋರ್ತುಗೀಜರ ಕೈಯಲ್ಲಿದ್ದುವು ಎಂಬುದನ್ನು ನೆನೆದರೆ, ಎರಡು ಪದಗಳೂ ಈ ಕರಾವಳಿಯಲ್ಲಿ ಕೂಡಿ ಒಂದನ್ನೊಂದು ಬಲಪಡಿಸಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಪದಕ್ಕಿಂತಲೂ ವಸ್ತು ಪ್ರಾಚೀನವಾದುದು. ಪವಾಯಿಗೆ ಸಮೀಪದ ಬೆಟ್ಟಸಾಲಿನಲ್ಲಿಯೇ ಕಾನ್ಹೇರಿಯ ಗುಹೆಗಳಿವೆ. ಅಲ್ಲಿ ಬೌದ್ಧಭಿಕ್ಷುಗಳ ಒಂದೊಂದು ವಸತಿಯ ಪಕ್ಕದಲ್ಲಿಯೂ ಮಳೆಯ ನೀರನ್ನು ಹಿಡಿದಿಡುವ ಕುಳಿಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ. ಅಲ್ಲಿನ ಪ್ರಾಕೃತ ಶಾಸನಗಳಲ್ಲಿ ಅವುಗಳಿಗೆ ‘ಪೋಢಿ’ ಎಂದು ಹೆಸರು. ಗುಹೆಯನ್ನು ದಾನಮಾಡಿದವರು ಪೋಢಿಯನ್ನೂ ಸೇರಿಸಿ ಹೇಳಿಕೊಂಡಿದ್ದಾರೆ. ಇಂದಿನ ಮರಾಠಿಯಲ್ಲಿ ಇವೇ ‘ಟಾಕೆ’ಗಳು.

ಈ ಸಣ್ಣ ಕುಳಿಯ ಹೆಸರು ಇಂಗ್ಲಿಷರ ಬಾಯಲ್ಲಿ ಹಿಗ್ಗತೊಡಗಿತು. ದಕ್ಷಿಣದೇಶದ ವಿಸ್ತಾರವಾದ ಜಲರಾಶಿಗಳನ್ನು ಕಂಡ ಅಧಿಕಾರಿಗಳು ಅವೆಲ್ಲವನ್ನೂ ಟ್ಯಾಂಕ್ ಎಂದೇ ದಾಖಲೆಗಳಲ್ಲಿ ಬರೆದರು. ಕನ್ನಡದಲ್ಲಿ ಕೆರೆ ಬೇರೆ, ಕಟ್ಟೆ ಬೇರೆ, ಕುಂಟೆ ಬೇರೆ. ಕೊಳ, ಹೊಂಡ, ಕಲ್ಯಾಣಿಗಳಿಗೆ ತಮ್ಮ ತಮ್ಮ ಲಕ್ಷಣಗಳುಂಟು. ಸರ್ಕಾರದ ಕಡತದಲ್ಲಿ ಈ ಭೇದವೆಲ್ಲ ಅಳಿಸಿಹೋಯಿತು. 1894ರ ಕಿಟ್ಟೆಲರ ನಿಘಂಟಿನಲ್ಲಿಯೂ ಕೆರೆಗೆ ಸಿಗುವ ಇಂಗ್ಲಿಷ್ ಅರ್ಥ ಇದೇ. ಕಿಟ್ಟೆಲರಂತಹ ವಿದ್ವಾಂಸರಿಗೆ ಬೇರೆ ಪದ ದೊರೆಯದಿದ್ದುದು ಆಶ್ಚರ್ಯವಲ್ಲ. ಇಂಗ್ಲೆಂಡಿನಲ್ಲಿ ಕೆರೆಯೆಂಬ ವಸ್ತುವೇ ಇರಲಿಲ್ಲ. ಕೆರೆಯೆಂದರೆ ನಿಂತ ನೀರು ಮಾತ್ರವಲ್ಲ. ಅದಕ್ಕೆ ಏರಿಯಿದೆ, ತೂಬಿದೆ, ಕೋಡಿಯಿದೆ, ಕೆಳಗೆ ಅಚ್ಚುಕಟ್ಟಿದೆ, ನೀರು ಹಂಚುವ ನೀರುಗಂಟಿಯಿದ್ದಾನೆ. ಕೆರೆಯ ರಕ್ಷಣೆಗೆಂದು ಬಿಟ್ಟ ಬಿತ್ತುವಟ್ಟ, ಕಟ್ಟುಕೊಡುಗೆಗಳ ಉಲ್ಲೇಖವು ನಮ್ಮ ಶಾಸನಗಳಲ್ಲಿ ಹೇರಳವಾಗಿದೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯನ್ನು ತುಂಬುವ ಸರಣಿಯೂ ಅದರೊಳಗೇ ಅಡಕವಾಗಿದೆ. ಟ್ಯಾಂಕ್ ಎಂಬ ಪದ ಇವಾವುದನ್ನೂ ಹೊರಲಾರದು.

ಇತ್ತ ಯೂರೋಪಿನಲ್ಲಿ ಪದವು ಬೇರೆ ದಾರಿ ಹಿಡಿಯಿತು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೇ ದ್ರವವನ್ನು ತುಂಬಿಡುವ ದೊಡ್ಡ ಪಾತ್ರೆ ಎಂಬ ಅರ್ಥ ಅದಕ್ಕೆ ಬಂದಿತು. ಉಗಿಯಂತ್ರ, ಹಡಗು, ರೈಲುಗಳ ಕಾಲದಲ್ಲಿ ಕಬ್ಬಿಣದ ಪಾತ್ರೆಗಳು ಹೆಚ್ಚಿದಂತೆ ಈ ಅರ್ಥವೇ ಮುಖ್ಯವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಇದಕ್ಕೆ ಮತ್ತೊಂದು ಅರ್ಥ ಒದಗಿದ ಬಗೆ ವಿಚಿತ್ರವಾಗಿದೆ. 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದ ಕಾರ್ಖಾನೆಯಲ್ಲಿ ಕವಚವಾಹನವೊಂದು ಗುಟ್ಟಾಗಿ ಸಿದ್ಧವಾಗುತ್ತಿತ್ತು. ನೋಡಿದವರು ನೀರಿನ ತೊಟ್ಟಿಯೆಂದು ಭ್ರಮಿಸಲೆಂದು, ಆ ವರ್ಷದ ಡಿಸೆಂಬರಿನಲ್ಲಿ ಅದಕ್ಕೆ ಟ್ಯಾಂಕ್ ಎಂಬ ಮರೆಹೆಸರಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲು ಪ್ರಯೋಗವಾಯಿತು. ಗುಟ್ಟು ರಟ್ಟಾದರೂ ಹೆಸರು ಉಳಿಯಿತು. ಹೀಗೆ ಗುಜರಾತಿನ ಮನೆಯಂಗಳದ ನೀರಿನ ಕುಳಿಯ ಹೆಸರು ಜಗತ್ತಿನ ಸೈನ್ಯಗಳ ಆಯುಧವೊಂದಕ್ಕೆ ಅಂಟಿಕೊಂಡಿತು.

ಆ ಹೊತ್ತಿಗೆ ಮುಂಬಯಿಯಲ್ಲಿ ಪದದ ಹಳೆಯ ಅರ್ಥವು ಕ್ಷೀಣಿಸುತ್ತಿತ್ತು. ನಳದ ನೀರು ಬರುವ ಮೊದಲು ನಗರವು ಬಾವಿಗಳನ್ನೂ ಕೆರೆಗಳನ್ನೂ ನಂಬಿಕೊಂಡಿತ್ತು. ಅವುಗಳಲ್ಲಿ ಹಲವನ್ನು ಕಟ್ಟಿಸಿದವರೂ ಜೀರ್ಣೋದ್ಧಾರ ಮಾಡಿದವರೂ ನಗರದ ದಾನಶೀಲ ವರ್ತಕರು. ಕಾವಸ್‌ಜಿ ಪಟೇಲರ ಹೆಸರಿನ ಕೆರೆಯೇ ಸಿ. ಪಿ. ಟ್ಯಾಂಕ್, ಗೊಲ್ಲರು ದನಗಳ ಮೈತೊಳೆಯುತ್ತಿದ್ದ ಕೆರೆ ಗೋವಾಲಿಯಾ ಟ್ಯಾಂಕ್, ಅಗಸರ ಕೆರೆ ಧೋಬಿ ತಲಾವ್. 1860ರಲ್ಲಿ ವಿಹಾರ, 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ ಜಲಾಶಯಗಳು ಸಿದ್ಧವಾದ ಮೇಲೆ ಊರೊಳಗಿನ ಕೆರೆಗಳ ಅಗತ್ಯ ಕಡಮೆಯಾಯಿತು. ಮಲೇರಿಯಾ ರೋಗದ ಕಾರಣಗಳನ್ನು ಕುರಿತು ಡಾಕ್ಟರ್ ಬೆಂಟ್ಲಿಯವರು 1911ರಲ್ಲಿ ವರದಿಯೊಪ್ಪಿಸಿದ ತರುವಾಯ ಬಾವಿ ಕೆರೆಗಳನ್ನು ಮುಚ್ಚುವ ಕಾರ್ಯಕ್ಕೆ ಬಿರುಸು ಬಂತು. ಒಂದೊಂದಾಗಿ ಅವು ಮಣ್ಣುಗೂಡಿದುವು. ಹೆಸರು ಮಾತ್ರ ನಿಂತಿತು. 1942ರ ಆಗಸ್ಟ್ 8ರಂದು ‘ಭಾರತ ಬಿಟ್ಟು ತೊಲಗಿ’ ಎಂಬ ನಿರ್ಣಯ ಗೋವಾಲಿಯಾ ಟ್ಯಾಂಕಿನಲ್ಲಿ ಅಂಗೀಕೃತವಾದಾಗ ಜನಸ್ತೋಮ ನೆರೆದಿದ್ದುದು ಮೈದಾನದಲ್ಲಿ.

ಪವಾಯಿಯ ಕೆರೆಯು ಈ ಕಥೆಯಲ್ಲಿ ವಿಶಿಷ್ಟವಾದುದು. ಪವಾಯಿಯ ಜಹಗೀರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ರಾಮ್‌ಜಿ ಕಾವಸ್‌ಜಿ ಬಾನಾಜಿಯವರ ಕೈಯಲ್ಲಿತ್ತು. ಧೋಬಿ ತಲಾವಿನ ಬಳಿಯ ಕೆರೆಗೂ ಇವರದೇ ಹೆಸರಿತ್ತು. ತಾನ್ಸಾದ ಕಾಮಗಾರಿ ಮುಗಿಯುವ ಮುನ್ನ ನಗರಕ್ಕೆ ನೀರಿನ ಅಭಾವ ತಲೆದೋರಿದಾಗ, ವಿಹಾರದ ಕೆಳಗಿನ ಕಣಿವೆಗೆ ಅಡ್ಡಲಾಗಿ ಏರಿಗಳನ್ನು ಕಟ್ಟಿ 1891ರ ಸುಮಾರಿಗೆ ಈ ಜಲಾಶಯವನ್ನು ಸಿದ್ಧಪಡಿಸಿದರು. ಆದರೆ ಅದರ ನೀರು ಕುಡಿಯಲು ಯೋಗ್ಯವಲ್ಲವೆಂದು ಬೇಗನೆ ತಿಳಿದುಬಂದಿತು. ಮುಂದೆ ಅದು ಕಾರ್ಖಾನೆಗಳಿಗೂ ಆರೇ ಹಾಲಿನ ಕಾಲೊನಿಗೂ ಒದಗಿತು. ಯಾವ ಉದ್ದೇಶಕ್ಕೆಂದು ಕಟ್ಟಿದರೋ ಆ ಉದ್ದೇಶವು ಹೀಗೆ ಬಹುಬೇಗ ತಪ್ಪಿಹೋಯಿತು. ಕೆರೆ ಮಾತ್ರ ತನ್ನ ಬಾಳನ್ನು ತಾನೇ ಕಂಡುಕೊಂಡಿತು. ಮೀನುಗಳೂ ಹಕ್ಕಿಗಳೂ ಮೊಸಳೆಗಳೂ ಅದನ್ನು ಆಶ್ರಯಿಸಿದುವು. ಅದರ ಕೋಡಿಯ ನೀರು ಮಿಠಿ ಹೊಳೆಯನ್ನು ಸೇರಿತು. 1958ರಲ್ಲಿ ಸ್ಥಾಪಿತವಾದ ಐ. ಐ. ಟಿ. ಅದರ ದಡದಲ್ಲಿಯೇ ಬೆಳೆಯಿತು.

ಪದದ ಅರ್ಥವು ನೆಲಕ್ಕೆ ತಾಗುವುದು ಇಲ್ಲಿಯೇ. ಕೇಂದ್ರಸರ್ಕಾರವು 2010ರಲ್ಲಿ ಹೊರಡಿಸಿದ ಜೌಗುನೆಲಗಳ ರಕ್ಷಣಾನಿಯಮಗಳಲ್ಲಿ ‘ಜೌಗುನೆಲ’ವೆಂಬುದರ ಲಕ್ಷಣವನ್ನು ಹೇಳುವಾಗ ಸರೋವರ, ಜಲಾಶಯ, ಹಿನ್ನೀರುಗಳ ಜೊತೆಗೆ ಟ್ಯಾಂಕುಗಳನ್ನೂ ಒಳಗೆ ಸೇರಿಸಿತ್ತು. 2017ರ ಹೊಸ ನಿಯಮಗಳಲ್ಲಿ ಅದೇ ಪದವು ವಾಕ್ಯದ ಇನ್ನೊಂದು ಮಗ್ಗುಲಿಗೆ ಹೋಗಿ ಕುಳಿತಿತು: ಕುಡಿಯುವ ನೀರಿಗೆಂದೇ ಮನುಷ್ಯರು ನಿರ್ಮಿಸಿದ ಜಲರಾಶಿ ಅಥವಾ ಟ್ಯಾಂಕುಗಳೂ ನೀರಾವರಿಗೆಂದೇ ಕಟ್ಟಿದ ರಚನೆಗಳೂ ಈ ಲಕ್ಷಣದಿಂದ ಹೊರಗಾದುವು. ಏಳು ವರ್ಷಗಳ ಅಂತರದಲ್ಲಿ ಒಂದು ಪದವು ರಕ್ಷಿತವರ್ಗದಿಂದ ವರ್ಜಿತವರ್ಗಕ್ಕೆ ದಾಟಿತು. ಮಾಳಿಗೆಯ ತೊಟ್ಟಿಯನ್ನು ಜೌಗುನೆಲವೆಂದು ಯಾರೂ ಕರೆಯಲಾರರು ಎಂಬುದು ನಿಜ. ಆದರೆ ಅದೇ ಹೆಸರಿನಡಿಯಲ್ಲಿ ಶತಮಾನಗಳ ಕೆರೆಗಳೂ ಇವೆಯೆಂಬುದನ್ನು ಮರೆಯುವಂತಿಲ್ಲ.

ಪವಾಯಿಯ ದಡದಲ್ಲಿ ಸೈಕಲ್ ಹಾದಿಯನ್ನು ನಿರ್ಮಿಸಲು ಮಹಾನಗರಪಾಲಿಕೆ ಕೈಹಾಕಿದಾಗ ವಿವಾದ ನ್ಯಾಯಾಲಯಕ್ಕೆ ಹೋಯಿತು. ದೇಶದ ಎರಡು ಲಕ್ಷಕ್ಕೂ ಮಿಕ್ಕ ಜೌಗುನೆಲಗಳನ್ನು 2010ರ ನಿಯಮಗಳ ತತ್ತ್ವದಂತೆ ಕಾಪಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಫೆಬ್ರವರಿಯಲ್ಲಿ ಆದೇಶಿಸಿತ್ತು. 2022ರ ಮೇ 6ರಂದು ಮುಂಬಯಿ ಉಚ್ಚ ನ್ಯಾಯಾಲಯವು, ಜೌಗುನೆಲದಲ್ಲಿ ಶಾಶ್ವತ ನಿರ್ಮಾಣವನ್ನು ತಡೆಯುವ ನಿಯಮವು ಪವಾಯಿಗೂ ಅನ್ವಯಿಸುವುದೆಂದು ಕಂಡು, ಆ ಕಾಮಗಾರಿ ನ್ಯಾಯಬಾಹಿರವೆಂದು ಸಾರಿತು; ನೆಲವನ್ನು ಮೊದಲಿನ ಸ್ಥಿತಿಗೆ ತರಬೇಕೆಂದೂ ವಿಧಿಸಿತು. ಪವಾಯಿ ಆ ಮಟ್ಟಿಗೆ ಉಳಿಯಿತು. ನೀರಾವರಿಗೆಂದೇ ಕಟ್ಟಿದ ಕೆರೆಗಳು ಕರ್ನಾಟಕದಲ್ಲಿ ಸಾವಿರಾರು ಇರುವುದರಿಂದ, ಈ ಪ್ರಶ್ನೆ ಪವಾಯಿಗಿಂತಲೂ ನಮ್ಮ ಒಳನಾಡಿಗೆ ಹೆಚ್ಚು ಸಂಬಂಧಪಟ್ಟುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಅನುಭವವೂ ಇದನ್ನೇ ಹೇಳುತ್ತದೆ. ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ನೆಲದಲ್ಲಿ ಕ್ರೀಡಾಂಗಣ ಎದ್ದಿತು. ಬಸ್ ನಿಲ್ದಾಣದ ಬಳಿಯ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಏರಿಯ ನೆನಪು ಮಾತ್ರ ಉಳಿದಿದೆ. ಕರ್ನಾಟಕವು 2014ರಲ್ಲಿ ಕೆರೆಗಳ ರಕ್ಷಣೆಗೆಂದು ಮಾಡಿದ ಅಧಿನಿಯಮದ ಇಂಗ್ಲಿಷ್ ಹೆಸರಿನಲ್ಲಿ ಮೊದಲು ‘ಲೇಕ್’ ಎಂದಿದ್ದುದು 2018ರ ತಿದ್ದುಪಡಿಯಿಂದ ‘ಟ್ಯಾಂಕ್’ ಎಂದಾಯಿತು. ಕನ್ನಡಕ್ಕೆ ಈ ತೊಡಕಿಲ್ಲ. ಎರಡಕ್ಕೂ ಸಲ್ಲುವ ಪದ ಕೆರೆಯೊಂದೇ. ಯಾರು ಕಟ್ಟಿದರು, ಯಾವ ಉದ್ದೇಶಕ್ಕೆ ಕಟ್ಟಿದರು ಎಂದು ಆ ಪದವು ಕೇಳುವುದಿಲ್ಲ. ದೇವರು ತೋಡಿದ ಸರೋವರಕ್ಕೂ ಒಡ್ಡರು ಕಟ್ಟಿದ ಏರಿಗೂ ಅದರಲ್ಲಿ ಒಂದೇ ಮರ್ಯಾದೆ.

ಇಷ್ಟರಿಂದ ಇಂಗ್ಲಿಷ್ ಪದವನ್ನು ದೂಷಿಸುವುದು ಸಲ್ಲದು. ಅದು ನಮ್ಮ ನೆರೆಯಿಂದಲೇ ಹೋಗಿ, ದೇಶಗಳನ್ನು ಸುತ್ತಿ, ಬೇರೆ ವೇಷದಲ್ಲಿ ಹಿಂದಿರುಗಿದ ಪದವಾಗಿರುವ ಸಂಭವವೇ ಹೆಚ್ಚು. ಆದರೆ ಕಾನೂನಿನ ಭಾಷೆಯಲ್ಲಿ ಒಂದು ಪದಕ್ಕೆ ಒಂದೇ ಅರ್ಥವಿರುವುದು ಅವಶ್ಯ. ನಿಯಮಗಳನ್ನು ರಚಿಸುವವರೂ ಅನುವಾದಿಸುವವರೂ ಕೆರೆ, ಕಟ್ಟೆ, ಕುಂಟೆ, ತಲಾವ್ ಎಂಬ ದೇಶೀಯ ಹೆಸರುಗಳನ್ನು ಅವುಗಳ ಲಕ್ಷಣಗಳೊಡನೆ ಹಾಗೆಯೇ ಬಳಸುವುದು ಯುಕ್ತ. ಹಳೆಯ ಕಂದಾಯ ದಾಖಲೆಗಳನ್ನು ಪರಿಶೋಧಿಸುವವರು ‘ಟ್ಯಾಂಕ್’ ಎಂದಿರುವಲ್ಲೆಲ್ಲ ಸ್ಥಳೀಯ ಹೆಸರನ್ನು ಹುಡುಕಿ ಎದುರಿಗೆ ಬರೆದಿಟ್ಟರೆ, ಅದು ಭಾಷೆಗೂ ನೆಲಕ್ಕೂ ಒಂದೇ ಸಲ ಮಾಡಿದ ಸೇವೆಯಾಗುವುದು.