ಮೂವತ್ತು ದಿನಗಳ ಪುಸ್ತಕ ಮತ್ತು ರಾಯಚೂರಿನ ಭಾಷೆಗಳು

ಮಾನ್ವಿಯಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಪಕ್ಕ ಕುಳಿತ ಹುಡುಗ ಮೊಬೈಲಿನಲ್ಲಿ ಕನ್ನಡ ಕಲಿಯುತ್ತಿದ್ದ. ಪರದೆಯ ಮೇಲೆ ಒಂದು ಚಿತ್ರ, ಅದರ ಕೆಳಗೆ ನಾಲ್ಕು ಪದಗಳು. ಸರಿಯಾದುದನ್ನು ಒತ್ತಿದರೆ ಒಂದು ಗಂಟೆಯ ಸದ್ದು. ಹತ್ತನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದ ಅವನಿಗೆ ಸರ್ಕಾರಿ ನೌಕರಿಯ ಕಡ್ಡಾಯ ಕನ್ನಡ ಪರೀಕ್ಷೆ ಎದುರಿಗಿತ್ತು. ನಾನು ನೋಡುತ್ತಿರುವುದನ್ನು ಗಮನಿಸಿ ಕೇಳಿದ: "ಕಿತ್ತೆ ದಿನ್ ಲಗ್ತೇ ಚಾಚಾ?" ಎಷ್ಟು ದಿನ ಬೇಕು?

ಈ ಪ್ರಶ್ನೆ ಹೊಸದಲ್ಲ. ಮೊಬೈಲ್ ಬರುವುದಕ್ಕೆ ಬಹಳ ಮೊದಲೇ ನಮ್ಮ ಬಸ್ ನಿಲ್ದಾಣಗಳ ಪುಸ್ತಕದಂಗಡಿಗಳಲ್ಲಿ 'ಮೂವತ್ತು ದಿನಗಳಲ್ಲಿ' ಭಾಷೆ ಕಲಿಸುವ ಪುಸ್ತಕಗಳು ನೇತಾಡುತ್ತಿದ್ದವು. ಮದರಾಸಿನ ಬಾಲಾಜಿ ಪಬ್ಲಿಕೇಷನ್ಸ್‌ನ ಪುಸ್ತಕಗಳನ್ನು ಕೊಳ್ಳದವರೂ ಒಮ್ಮೆ ತಿರುವಿ ಹಾಕಿರುತ್ತಾರೆ. ಪುಸ್ತಕ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಈಗ ಜೇಬಿನಲ್ಲೇ ತಂತ್ರಾಂಶವಿದೆ. ಭರವಸೆ ಮಾತ್ರ ಬದಲಾಗಿಲ್ಲ: ನೀವೇ ಕಲಿಯಿರಿ, ಬೇಗ ಕಲಿಯಿರಿ.

ಮೊದಲು ಲೆಕ್ಕ ನೋಡೋಣ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಹತ್ತಾರು ವರ್ಷಗಳಿಂದ ಭಾಷೆಗಳನ್ನು ಕಲಿಸುತ್ತಾ ಬಂದಿದೆ. ಇಂಗ್ಲಿಷ್ ಮನೆಮಾತಿನವನು ಉರ್ದು, ತೆಲುಗು, ತಮಿಳಿನಂಥ ಭಾಷೆಗಳಲ್ಲಿ ಕಚೇರಿ ಕೆಲಸ ನಡೆಸುವಷ್ಟು ಪಳಗಲು ಸುಮಾರು 44 ವಾರ, ಅಂದರೆ 1100 ತರಗತಿ ಗಂಟೆ ಬೇಕೆಂಬುದು ಅದರ ಅಂದಾಜು. ಅರಬಿಗೆ ಇದರ ಇಮ್ಮಡಿ. ಇದೂ ಶಿಕ್ಷಕರು ಎದುರಿಗೇ ಕುಳಿತು ಕಲಿಸಿದಾಗಿನ ಮಾತು. ದಿನಕ್ಕೆ 15 ನಿಮಿಷ ಮೊಬೈಲ್ ಒತ್ತುವವನಿಗೆ ವರ್ಷಕ್ಕೆ ಸಿಗುವುದು ಸುಮಾರು 91 ಗಂಟೆ. ಆ ದರದಲ್ಲಿ 1100 ಗಂಟೆ ತುಂಬಲು 12 ವರ್ಷ ಬೇಕು. ದಿನಕ್ಕೊಂದು ಗಂಟೆಯಾದರೆ ಮೂರು ವರ್ಷ. ಮೂವತ್ತು ದಿನಗಳ ಪುಸ್ತಕವನ್ನು ದಿನಕ್ಕೊಂದು ಗಂಟೆಯಂತೆ ಓದಿ ಮುಗಿಸಿದವನು ನಡೆದಿರುವುದು ಕೇವಲ ಮೂವತ್ತು ಗಂಟೆಯ ದಾರಿ.

ಆದರೆ ಈ ಲೆಕ್ಕ ಕನ್ನಡವನ್ನು ಕಿವಿಯಿಂದಲೂ ಕೇಳದವನಿಗೆ ಹೊಂದುವಂಥದು. ರಾಯಚೂರಿನವನಿಗೆ ಅದು ಹಾಗೆಯೇ ಅನ್ವಯಿಸುತ್ತದೆಯೇ? ಇದಕ್ಕೆ ಉತ್ತರ ಬೇಕಾದರೆ ಈ ನೆಲದ ಚರಿತ್ರೆಯ ಕಡೆಗೆ ತಿರುಗಬೇಕು.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್‌ನಲ್ಲಿ ಒಂದೇ ಭಾಷೆ ಎಂದೂ ಒಂಟಿಯಾಗಿ ಬಾಳಿಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕನ ಶಾಸನ ಪ್ರಾಕೃತದಲ್ಲಿದೆ. ರಾಯಚೂರು ಕೋಟೆಯ ಭಾರೀ ಕಲ್ಲಿನ ಮೇಲೆ 1294ರ ಕಾಕತೀಯರ ಕಾಲದ ಬರಹ ತೆಲುಗಿನಲ್ಲಿದೆ. 1513ರ ಸುಮಾರಿಗೆ ಕಟ್ಟಿದ ಏಕ್ ಮಿನಾರ್ ಮಸೀದಿಯ ಶಾಸನ ಪಾರ್ಸಿಯಲ್ಲಿದೆ. ಸುತ್ತಲಿನ ಹಳ್ಳಿಗಳ ಮಾತು ಕನ್ನಡ. ಬಿಜಾಪುರದ ಒಂದನೆಯ ಇಬ್ರಾಹಿಂ ಆದಿಲ್ ಶಾಹ ಹದಿನಾರನೆಯ ಶತಮಾನದಲ್ಲಿ ಕಂದಾಯದ ಲೆಕ್ಕಪತ್ರಗಳನ್ನು ಪಾರ್ಸಿಯಿಂದ ಈ ನೆಲದ ಭಾಷೆಗೆ ಬದಲಾಯಿಸಿದನೆಂದು ಚರಿತ್ರೆಕಾರ ಫಿರಿಶ್ತಾ ಬರೆದಿದ್ದಾನೆ. ಆಳುವವನೂ ಒಂದು ಹಂತದಲ್ಲಿ ಪ್ರಜೆಯ ಭಾಷೆಯ ಬಳಿಗೆ ಬರಬೇಕಾಯಿತು.

ತನ್ನದೇ ಭಾಷೆಗೆ ತಡವಾಗಿ ಮರಳಿ ಬಂದವರೂ ಇಲ್ಲಿದ್ದಾರೆ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಜಗನ್ನಾಥದಾಸರು ಸಂಸ್ಕೃತ ಪಾಂಡಿತ್ಯದ ಬಲದಲ್ಲಿ ಕನ್ನಡದ ದಾಸರನ್ನು ಮೊದಲು ಹಗುರವಾಗಿ ಕಂಡಿದ್ದರೆಂದು ಸಂಪ್ರದಾಯ ಹೇಳುತ್ತದೆ. ಅದೇ ಜಗನ್ನಾಥದಾಸರು ಮುಂದೆ ಕನ್ನಡದಲ್ಲಿ 'ಹರಿಕಥಾಮೃತಸಾರ' ಬರೆದರು. ಮನಸ್ಸು ಬಾಗದಿದ್ದರೆ ತಾಯ್ನುಡಿಯೂ ದೂರವೇ ಉಳಿಯುತ್ತದೆ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತ ಭಾಷೆ 1880ರ ದಶಕದಲ್ಲಿ ಪಾರ್ಸಿಯಿಂದ ಉರ್ದುವಿಗೆ ಬದಲಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಉನ್ನತ ಶಿಕ್ಷಣದ ಮಾಧ್ಯಮವಾಗಿಸಿತು. ವಿಜ್ಞಾನ, ಕಾನೂನು, ವೈದ್ಯ ಪುಸ್ತಕಗಳನ್ನು ಉರ್ದುವಿಗೆ ತರಲು ಅನುವಾದ ಸಂಸ್ಥೆಯೇ ಇತ್ತು. ಭಾರತೀಯ ಭಾಷೆಯೊಂದರಲ್ಲಿ ವಿಶ್ವವಿದ್ಯಾಲಯ ಕಟ್ಟಿದ ಈ ಸಾಹಸ ದೊಡ್ಡದು. ಆದರೆ ದೇವದುರ್ಗದ ಒಕ್ಕಲಿಗನ ಮಗನಿಗೆ ಅದು ತನ್ನ ಭಾಷೆಯಾಗಿರಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಅಂಥ ಮಕ್ಕಳು ಉರ್ದು ಕಲಿಯಲು ತೆತ್ತದ್ದು ಮೂವತ್ತು ದಿನವನ್ನಲ್ಲ, ಇಡೀ ಬಾಲ್ಯವನ್ನು. ಶಾಲೆಯ ಮೆಟ್ಟಿಲನ್ನೇ ಹತ್ತದವರಿಗಂತೂ ಸರ್ಕಾರಿ ಕಾಗದವೆಂದರೆ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ವಸ್ತು.

ಈ ಕಾಲದಲ್ಲೇ ಎರಡನ್ನೂ ಜೋಡಿಸುವ ಯತ್ನಗಳು ನಡೆದವು. ಮಂಗಳೂರಿನಲ್ಲಿ ಹುಟ್ಟಿ ಹೈದರಾಬಾದಿನ ಮೂಲಕ ಇಲ್ಲಿಗೆ ಬಂದ ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ಕಟ್ಟಿದ ಶಾಲೆಗೆ 'ಹಮ್‌ದರ್ದ್' ಎಂದು ಹೆಸರಿಟ್ಟರು. ಕನ್ನಡ ನಾಡಿನ ಶಾಲೆಗೆ ಉರ್ದು ಹೆಸರು. ಅರ್ಥ, ನೋವಿನಲ್ಲಿ ಜೊತೆಯಾಗುವವನು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಊರಲ್ಲಿ ನಡೆಯಿತು. ಇದೇ ಜಿಲ್ಲೆಯ ಶಾಂತರಸರು ಉರ್ದುವನ್ನು ಎಷ್ಟು ಒಳಗು ಮಾಡಿಕೊಂಡರೆಂದರೆ, ಕನ್ನಡಕ್ಕೆ ಗಜಲ್ ತಂದವರಲ್ಲಿ ಅವರೇ ಮೊದಲಿಗರಾದರು. ಹೇರಿಕೆಯಾಗಿ ಬಂದ ಭಾಷೆಯೂ ಪ್ರೀತಿಯ ಭಾಷೆಯಾಗಬಲ್ಲುದು ಎಂಬುದಕ್ಕೆ ಅವರು ಸಾಕ್ಷಿ. ಆದರೆ ಎಲ್ಲರೂ ಶಾಂತರಸರಲ್ಲ ಎಂಬುದನ್ನೂ ಮರೆಯಬಾರದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಜಿಲ್ಲೆಯ ಗದ್ವಾಲ್ ಮತ್ತು ಆಲಂಪುರ ಆಂಧ್ರಕ್ಕೆ ಹೋದವು. 1963ರ ಕಾನೂನು ಕನ್ನಡವನ್ನು ರಾಜ್ಯಭಾಷೆ ಮಾಡಿತು. ಈಗ ತಿರುಗುಬಾಣ. ಉರ್ದುವಿನಲ್ಲಿ ಓದಿ ಉರ್ದುವಿನಲ್ಲೇ ಕಡತ ಬರೆದು ನಲವತ್ತರ ವಯಸ್ಸು ದಾಟಿದ ಗುಮಾಸ್ತರು, ಶಿಕ್ಷಕರು, ಅಮೀನರು ಕನ್ನಡದ ಅ ಆ ಇ ಈ ತಿದ್ದಲು ಕೂತರು. ಮಕ್ಕಳ ಪಠ್ಯಪುಸ್ತಕವೇ ಅವರ ಸ್ವಬೋಧಿನಿ. ಮನೆಯಲ್ಲಿ ಮಗ ಮೇಷ್ಟ್ರು, ಅಬ್ಬಾ ವಿದ್ಯಾರ್ಥಿ.

ಅವರಿಗೆ ಯಾವುದು ಸುಲಭವಾಗಿತ್ತು, ಯಾವುದು ಕಷ್ಟವಾಗಿತ್ತು ಎಂಬುದು ಇಂದಿನ ಹುಡುಗರಿಗೂ ಉಪಯೋಗದ ಮಾತು. ಪದಗಳ ಅರ್ಧ ಕೆಲಸ ಮೊದಲೇ ಮುಗಿದಿತ್ತು. ಜಿಲ್ಲೆ, ತಾಲ್ಲೂಕು, ಅರ್ಜಿ, ಜಮೀನು, ವಕೀಲ, ದಫ್ತರ, ಜಮಾಬಂದಿ ಎರಡೂ ಕಡೆಯವು. ವಾಕ್ಯದ ಕಟ್ಟೂ ಅಪರಿಚಿತವಲ್ಲ. ದೆಹಲಿಯ ಉರ್ದುವಿನವನು "ಉಸ್‌ನೇ ಕಹಾ ಕಿ ಕಲ್ ಆವೂಂಗಾ" ಎನ್ನುತ್ತಾನೆ. ನಮ್ಮ ದಖನಿಯವನು "ಕಲ್ ಆತೂಂ ಬೋಲ್ಕೆ ಬೋಲ್ಯಾ" ಎನ್ನುತ್ತಾನೆ. ಕನ್ನಡದವನು "ನಾಳೆ ಬರ್ತೀನಿ ಅಂತ ಹೇಳಿದ" ಎನ್ನುತ್ತಾನೆ. ನಮ್ಮ 'ಬೋಲ್ಕೆ' ಕನ್ನಡದ 'ಅಂತ' ಕೂರುವ ಜಾಗದಲ್ಲೇ ಕೂತಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರನ್ನು ಗಮನಿಸಿದ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಇದನ್ನೇ ತೋರಿಸಿದರು: ಪದಗಳು ಬೇರೆಯಾಗಿಯೇ ಉಳಿದರೂ ತಲೆಮಾರುಗಳ ನೆರೆಹೊರೆಯಿಂದ ವಾಕ್ಯದ ಅಚ್ಚು ಒಂದಾಗಿತ್ತು. ಅಂದರೆ ರಾಯಚೂರಿನ ಉರ್ದು ಮಾತಿನವನು ಕನ್ನಡ ಕಲಿಯಲು ಕೂತಾಗ ಅವನ ಅಜ್ಜ ಮುತ್ತಜ್ಜಂದಿರು ಅರ್ಧ ಪಾಠವನ್ನು ಅವನಿಗಾಗಿ ಮುಗಿಸಿಟ್ಟಿರುತ್ತಾರೆ.

ಕಷ್ಟವಿದ್ದುದು ಬೇರೆ ಕಡೆ. 'ಹಳ್ಳಿ'ಗೆ 'ಹಲ್ಲಿ' ಎಂದರೆ ಊರು ಹೋಗಿ ಗೋಡೆಯ ಮೇಲಿನ ಪ್ರಾಣಿ ಬರುತ್ತದೆ. 'ಕೊಡು' ಮತ್ತು 'ಕೋಡು'ಗಳ ನಡುವೆ ಎತ್ತಿನ ಕೊಂಬಿನಷ್ಟು ಅಂತರ. ಕನ್ನಡದ ಲಿಪಿ ಹಲವು ವಾರಗಳ ಬೆವರು ಬೇಡುತ್ತದೆ. ಕೈಗೆ ಹತ್ತಿದ ಮೇಲೆ ಮೋಸ ಮಾಡುವುದಿಲ್ಲ, ಬರೆದಂತೆ ಓದಬಹುದು. ಉರ್ದು ಇದಕ್ಕೆ ತದ್ವಿರುದ್ಧ. ಅಕ್ಷರ ಬೇಗ ಬಂದರೂ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯದ ಕಾರಣ ಪದ ಮೊದಲೇ ಗೊತ್ತಿಲ್ಲದವನು ಅದನ್ನು ಓದಲಾರ. ಜೊತೆಗೆ ಕುರ್ಚಿಗೂ ಮೇಜಿಗೂ ಗಂಡು ಹೆಣ್ಣಿನ ಭೇದ. ಅದನ್ನು ನಿಭಾಯಿಸಲು ಕನ್ನಡಿಗನಿಗೆ ವರ್ಷಗಳೇ ಬೇಕು.

ಈ ಜಿಲ್ಲೆಯಲ್ಲಿ ಶಾಲೆಯಿಲ್ಲದೆ ಭಾಷೆ ಕಲಿತವರೂ ಅಸಂಖ್ಯ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಸಿಂಧನೂರು, ಮಾನ್ವಿ ಭಾಗದಲ್ಲಿ 'ಕ್ಯಾಂಪ್'ಗಳನ್ನು ಕಟ್ಟಿಕೊಂಡರು. ಅವರು ಕೂಲಿಯಾಳುಗಳ ಜೊತೆ ಗದ್ದೆಯಲ್ಲಿ ನಿಂತು ಕನ್ನಡ ಕಲಿತರು. ರಾಯಚೂರಿನ ಹತ್ತಿ ಮಾರುಕಟ್ಟೆಯ ಹಮಾಲ, ದಲ್ಲಾಳಿ ಮೂರು ಭಾಷೆ ಕಲಿತದ್ದು ಅಡತ್ ಅಂಗಡಿಯ ಕಟ್ಟೆಯ ಮೇಲೆ. ಅಲ್ಲಿ ತಪ್ಪು ಮಾತಿಗೆ ಕಡಿಮೆ ಅಂಕ ಬೀಳುವುದಿಲ್ಲ, ನೇರ ನಷ್ಟವೇ ಆಗುತ್ತದೆ. ಆದ್ದರಿಂದ ಪಾಠ ಬೇಗ ಹತ್ತುತ್ತದೆ.

ತಂತ್ರಾಂಶದಲ್ಲಿ ಇಲ್ಲದಿರುವುದು ಈ ಕಟ್ಟೆಯೇ. ಅಮೆರಿಕದ ಸರ್ಕಾರಿ ನೌಕರರಿಗೆ ದುಬಾರಿ ಸ್ವಕಲಿಕೆಯ ತಂತ್ರಾಂಶಗಳನ್ನು ಪುಕ್ಕಟೆಯಾಗಿ ಕೊಟ್ಟು ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಎದ್ದು ಕಂಡ ಸಂಗತಿ, ಸೇರಿದವರಲ್ಲಿ ಬಹುಪಾಲು ಜನ ನಡುವೆಯೇ ಬಿಟ್ಟುಬಿಟ್ಟದ್ದು. ಯಂತ್ರ ಕೆಟ್ಟದ್ದೆಂದು ಇದರರ್ಥವಲ್ಲ. ಲಿಪಿ ತಿದ್ದಲು, ಪದ ನೆನಪಿಡಲು, ನಾಚಿಕೆಯಿಲ್ಲದೆ ನೂರು ಸಲ ಕೇಳಲು ಅದಕ್ಕಿಂತ ತಾಳ್ಮೆಯ ಗುರು ಸಿಗಲಾರ. ಆದರೆ ಅದು ನಿಮ್ಮನ್ನು ಕಾಯುವುದಿಲ್ಲ, ಬರದಿದ್ದರೆ ಯಾಕೆ ಬರಲಿಲ್ಲ ಎಂದು ಮನೆಗೆ ಬಂದು ವಿಚಾರಿಸುವುದಿಲ್ಲ.

ಇಂದು ಈ ಪ್ರಶ್ನೆಯ ಹಿಂದೆ ಅನ್ನವಿದೆ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ 2013ರಿಂದ ಈ ಭಾಗದವರಿಗೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿ ದೊರೆಯಿತು. ಆ ಬಾಗಿಲಿನ ಹೊಸ್ತಿಲಲ್ಲಿ ಕನ್ನಡ ಪರೀಕ್ಷೆ ಇದೆ. ಉರ್ದು ಶಾಲೆಯಲ್ಲಿ ಕನ್ನಡವನ್ನು ಕಾಟಾಚಾರಕ್ಕೆ ಕಲಿಸಿದರೆ ಮಗು ಹತ್ತು ವರ್ಷ ಕಳೆದೂ ಹೊಸ್ತಿಲ ಹೊರಗೇ ನಿಲ್ಲುತ್ತದೆ. ಆಗ ಮೊಬೈಲನ್ನು ದೂರಿ ಫಲವಿಲ್ಲ. ಇನ್ನೊಂದು ಮಗ್ಗುಲೂ ಇದೆ. ನಿಜಾಮರ ಕಾಲದ ಜಮೀನಿನ ಕಾಗದ, ತೀರ್ಪು, ಕ್ರಯಪತ್ರಗಳು ಉರ್ದುವಿನಲ್ಲಿವೆ. ಅವನ್ನು ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ತಾತ ಉರ್ದುವಿನಲ್ಲಿ ಸಹಿ ಮಾಡಿದ ಪತ್ರವನ್ನು ಲಿಂಗಾಯತ ಮೊಮ್ಮಗ ಓದಲಾರ, ಮುಸ್ಲಿಂ ಮೊಮ್ಮಗನೂ ಎಷ್ಟೋ ಕಡೆ ಓದಲಾರ. ಕಲಿಯುವ ಹೊಣೆ ಒಂದೇ ಕಡೆಯದಲ್ಲ.

ಬಸ್ಸು ರಾಯಚೂರು ತಲುಪುವಷ್ಟರಲ್ಲಿ ನಾನು ಆ ಹುಡುಗನಿಗೆ ಹೇಳಿದ್ದು ಇಷ್ಟೇ: "ಪರೀಕ್ಷೆ ಪಾಸಾಗಲು ದಿನಕ್ಕೊಂದು ಗಂಟೆಯಂತೆ ಒಂದು ವರ್ಷ ಓದು. ಆಮೇಲೆ ದಿನಾ ಒಂದು ಕನ್ನಡ ಪತ್ರಿಕೆ ಓದು, ಅಂಗಡಿಯಲ್ಲಿ ಕನ್ನಡದಲ್ಲೇ ಲೆಕ್ಕ ಕೇಳು. ಉರ್ದು ಬಿಡಬೇಡ." ಅವನು ಮೊಬೈಲ್ ಜೇಬಿಗೆ ಹಾಕಿ ಇಳಿದ. ನಿಲ್ದಾಣದ ಹೊರಗೆ ಆಟೋದವನ ಹತ್ತಿರ ಹೋಗಿ ತಡವರಿಸುತ್ತಲೇ ಕೇಳಿದ: "ಕೋಟೆಗೆ ಎಷ್ಟ್ ತಗೋತೀರಿ ಅಣ್ಣಾ?" ಆಟೋದವನು ಉತ್ತರಿಸಿದ್ದು ದಖನಿಯಲ್ಲಿ.