ಶಕ ೧೭೯೦ರ ಖಗ್ರಾಸ ಗ್ರಹಣವೂ ನಮ್ಮ ನಾಡೂ

ವಿಜಾಪುರದಿಂದ ಕೊಲ್ಹಾರದ ಕಡೆಗೆ ಹೋಗುವವರಿಗೆ ಬಸವನ ಬಾಗೇವಾಡಿ ತಾಲೂಕಿನ ಹಳೆಯ ಮೇರೆಯೊಳಗೆ ಮುಳವಾಡವೆಂಬ ಊರು ಸಿಗುವದು. ಈ ಕಾಲದಲ್ಲಿ ಆ ಹೆಸರು ಏತ ನೀರಾವರಿಯ ಸಂಬಂಧದಿಂದ ಎಲ್ಲರ ಬಾಯಲ್ಲಿದೆ. ಆದರೆ ನೂರೈವತ್ತು ವರುಷಗಳಿಗೂ ಹಿಂದೆ ಅದೇ ಹೆಸರು ತುಸು ರೂಪಾಂತರ ಹೊಂದಿ, ‘ಮೂಲ್ವಾರ’ ಎಂದು, ಜರ್ಮನಿಯ ಖಗೋಲಶಾಸ್ತ್ರದ ಪತ್ರಿಕೆಗಳಲ್ಲಿ ಅಚ್ಚಾಗಿದ್ದಿತೆಂಬುದು ನಮ್ಮಲ್ಲಿ ಬಹುಜನರಿಗೆ ತಿಳಿಯದ ಮಾತು. ವಿಜಾಪುರದ ಹೆಸರೂ ಜಮಖಂಡಿಯ ಹೆಸರೂ ಹಾಗೆಯೇ ಲಂಡನ್ನಿನ ರಾಯಲ್ ಸೊಸಾಯಿಟಿಯ ಕಾರ್ಯಕಲಾಪಗಳಲ್ಲಿ ಸೇರಿದವು. ಅದಕ್ಕೆ ಕಾರಣವು ಗೋಳಗುಮ್ಮಟವಲ್ಲ, ಆದಿಲಶಾಹಿಯ ವೈಭವವೂ ಅಲ್ಲ. ಒಂದು ಮುಂಜಾನೆ ಐದು ನಿಮಿಷಗಳಷ್ಟು ಹೊತ್ತು ಈ ನಾಡಿನ ಮೇಲೆ ಬಿದ್ದ ಚಂದ್ರನ ನೆರಳು.

ಶಾಲಿವಾಹನ ಶಕೆ ೧೭೯೦, ವಿಭವ ಸಂವತ್ಸರ, ಶ್ರಾವಣ ಬಹುಲ ಅಮಾವಾಸ್ಯೆ, ಮಂಗಳವಾರ. ಇಂಗ್ಲಿಷ್ ಲೆಕ್ಕದಿಂದ ೧೮೬೮ನೆಯ ಇಸವಿಯ ಆಗಸ್ಟ್ ೧೮. ನಮ್ಮ ಕಡೆಯವರು ಬೆನಕನ ಅಮಾವಾಸ್ಯೆಯೆಂದು ಕರೆಯುವ ಆ ದಿನ ಚಂದ್ರನ ನೆರಳು ಏಡನ್ನಿನ ಬಳಿ ಸಾಗಿ, ಅರಬೀ ಸಮುದ್ರವನ್ನು ದಾಟಿ, ಕೊಂಕಣದ ದಂಡೆಯನ್ನೇರಿ, ಘಟ್ಟವನ್ನು ಹಾಯ್ದು ದಖ್ಖಣದ ಬಯಲಿಗೆ ಬಂದಿತು. ಅಲ್ಲಿಂದ ಮುಂದಕ್ಕೆ ಅದು ಹಿಡಿದ ದಾರಿಯು ಹೆಚ್ಚುಕಡಿಮೆ ಕೃಷ್ಣೆಯದೇ. ಜಮಖಂಡಿ, ವಿಜಾಪುರ, ಗುಂಟೂರು, ಕೊನೆಗೆ ನದಿಯ ಮುಖದ ಬಳಿಯ ಮಚಲೀಪಟ್ಟಣ. ಕೃಷ್ಣೆಯ ನೀರಿಗೆ ಅನೇಕ ದಿನ ಬೇಕಾಗುವ ಪಯಣವನ್ನು ನೆರಳು ಅರ್ಧ ತಾಸು ಕೂಡ ಹಿಡಿಯದೆ ಮುಗಿಸಿತು. ಅದರ ಅಗಲವು ನೂರು ಮೈಲಿಗೂ ಮಿಕ್ಕಿದ್ದಿತು. ಆದುದರಿಂದ ಭೀಮೆಯ ದಂಡೆಯ ಇಂಡಿ, ಸಿಂದಗಿಗಳೂ, ದೋಣಿಯ ಎರೆನೆಲದ ಬಾಗೇವಾಡಿಯೂ, ಕೃಷ್ಣೆಯ ಬದಿಯ ಮುದ್ದೇಬಿಹಾಳವೂ ಏಕಕಾಲಕ್ಕೆ ಎಂಬಂತೆ ಕತ್ತಲೊಳಗೆ ಮುಳುಗಿದವು. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಅಂದು ಹಗಲೇ ಚಿಕ್ಕೆ ಮೂಡುವ ಹೊತ್ತಾಗಿದ್ದಿತು.

ಗ್ರಹಣವೆಂದರೆ ನಮ್ಮವರಿಗೆ ಹೊಸತಲ್ಲ. ಚಂದ್ರನು ಸೂರ್ಯನನ್ನು ಮರೆಮಾಡುವದರಿಂದ ಅದು ಸಂಭವಿಸುವದೆಂಬುದನ್ನು ಆರ್ಯಭಟನು ಐದನೆಯ ಶತಮಾನದ ಕೊನೆಯಲ್ಲಿಯೇ ಬರೆದಿಟ್ಟಿರುವನು. ಮನೆಮನೆಯ ಪಂಚಾಂಗವು ಸ್ಪರ್ಶ, ಮೋಕ್ಷಗಳ ಘಳಿಗೆಗಳನ್ನು ಹೇಳುತ್ತಲೇ ಬಂದಿದೆ. ಹೊಳೆಯಲ್ಲಿ ಮಿಂದು ಜಪಕ್ಕೆ ಕೂಡ್ರುವವನಿಗೆ ಅಷ್ಟು ಸಾಕು. ಆದರೆ ಯುರೋಪಿನವರು ಸಾವಿರಾರು ಹರದಾರಿ ದಾಟಿ ಬಂದುದು ಗ್ರಹಣದ ವೇಳೆಯನ್ನು ತಿಳಿಯಲಿಕ್ಕಲ್ಲ. ಸೂರ್ಯನು ಯಾವ ವಸ್ತುವಿನಿಂದಾಗಿರುವನೆಂಬುದನ್ನು ನೋಡಲಿಕ್ಕೆ.

ಇದನ್ನು ತುಸು ಬಿಡಿಸಿ ಹೇಳಬೇಕಾಗುವದು. ಬೆಳಕನ್ನು ಗಾಜಿನ ಪಟ್ಟಕದೊಳಗಿಂದ ಹಾಯಿಸಿದರೆ ಕಾಮನಬಿಲ್ಲಿನ ಬಣ್ಣಗಳು ಹರಡಿಕೊಳ್ಳುವವು. ಸೂರ್ಯನ ಬೆಳಕಿನ ಈ ವರ್ಣಪಟದಲ್ಲಿ ನೂರಾರು ಕಪ್ಪು ಗೆರೆಗಳಿರುವದನ್ನು ಜರ್ಮನಿಯ ಫ್ರೌನ್‌ಹೋಫರನು ೧೮೧೪ರಲ್ಲಿ ಕಂಡು ಅವುಗಳಿಗೆ ಅಕ್ಷರಗಳ ಹೆಸರಿಟ್ಟನು. ಅವುಗಳ ಅರ್ಥವು ಮಾತ್ರ ೧೮೫೯ರ ವರೆಗೂ ಗೂಢವಾಗಿಯೇ ಉಳಿಯಿತು. ಆ ವರುಷ ಕಿರ್ಕಾಫ್ ಮತ್ತು ಬುನ್ಸೆನ್ ಎಂಬಿಬ್ಬರು ಹೈಡೆಲ್‌ಬರ್ಗದಲ್ಲಿ ಒಂದೊಂದು ಮೂಲವಸ್ತುವಿಗೂ ತನ್ನದೇ ಆದ ಗೆರೆಗಳಿರುವವೆಂದು ತೋರಿಸಿಕೊಟ್ಟರು. ಅಡಿಗೆಯ ಉಪ್ಪನ್ನು ಉರಿಯಲ್ಲಿ ಚೆಲ್ಲಿದರೆ ಕಾಣುವ ಹಳದಿಯು ಸೋಡಿಯಮ್ಮಿನದು, ಅದರ ಗೆರೆಗೆ ‘ಡಿ’ ಎಂದು ಹೆಸರು. ಜಲಜನಕಕ್ಕೆ ಕೆಂಪಿನಲ್ಲೊಂದು, ನೀಲಿಯಲ್ಲೊಂದು ಗೆರೆ. ಹೀಗೆ ನೆಲದ ಮೇಲೆ ನಿಂತೇ ಆಕಾಶದ ಜ್ಯೋತಿಗಳ ಕುಲಗೋತ್ರವನ್ನು ಕೇಳುವ ಉಪಾಯವು ದೊರೆಯಿತು.

ಖಗ್ರಾಸ ಗ್ರಹಣದಲ್ಲಿ ಕಪ್ಪಾದ ಚಂದ್ರಬಿಂಬದ ಅಂಚಿನಿಂದ ಕೆಂಪು ಜ್ವಾಲೆಗಳು ಹೊರಚಾಚಿರುವದು ಮೊದಲೇ ಗೊತ್ತಿದ್ದಿತು. ೧೮೬೦ರಲ್ಲಿ ಸ್ಪೇನ್ ದೇಶದಲ್ಲಿ ತೆಗೆದ ಛಾಯಾಚಿತ್ರಗಳಿಂದ ಅವು ಚಂದ್ರನವಲ್ಲ, ಸೂರ್ಯನವೇ ಎಂಬುದೂ ನಿರ್ಧಾರವಾಯಿತು. ಆ ಜ್ವಾಲೆಗಳಲ್ಲಿ ಉರಿಯುವದಾದರೂ ಏನು? ವರ್ಣದರ್ಶಕವನ್ನು ಅವುಗಳತ್ತ ತಿರುಗಿಸಲು ದೊರೆತ ಮೊದಲನೆಯ ದೊಡ್ಡ ಸಂಧಿಯೇ ಈ ೧೮೬೮ರ ಗ್ರಹಣ. ಅದು ಅಸಾಧಾರಣವಾಗಿ ದೀರ್ಘವೂ ಆಗಿದ್ದಿತು. ಸಯಾಮದ ಕೊಲ್ಲಿಯ ಹತ್ತಿರ ಪೂರ್ಣತೆಯು ಆರೂವರೆ ನಿಮಿಷಕ್ಕೂ ಹೆಚ್ಚು.

ಆಗಸ್ಟ್ ತಿಂಗಳೆಂದರೆ ಮುಂಗಾರಿನ ಭರ. ಕೊಂಕಣದಲ್ಲಿ ಸೂರ್ಯನ ಮೋರೆಯೇ ಕಾಣದು. ಘಟ್ಟದ ಮರೆಯಲ್ಲಿರುವ ನಮ್ಮ ಬಯಲುಸೀಮೆಯಲ್ಲಿ ಮಾತ್ರ ಮೋಡ ಬಂದರೂ ಮಳೆಯಾಗದೆ ಹೋಗುವದು. ರೈತನು ಯಾವದಕ್ಕಾಗಿ ಆಕಾಶವನ್ನು ಶಪಿಸುವನೋ ಅದನ್ನೇ ಖಗೋಲಜ್ಞರು ಅನುಕೂಲವೆಂದು ಎಣಿಸಿದರು. ಎಂಟು ವರುಷಗಳ ತರುವಾಯ ಇದೇ ಮಳೆಯಿಲ್ಲದ ಆಕಾಶವು ೧೮೭೬-೭೮ರ ದೊಡ್ಡ ಬರವಾಗಿ ಈ ಜಿಲ್ಲೆಯ ಹಳ್ಳಿಗಳನ್ನು ಬರಿದು ಮಾಡಿತೆಂಬುದನ್ನು ನೆನೆದರೆ ಆ ಅನುಕೂಲದ ಮಾತು ಅಷ್ಟೇನೂ ಹಿತವಾಗಿ ಕೇಳಿಸದು.

ಆಗ ವಿಜಾಪುರವು ಜಿಲ್ಲೆಯ ಮುಖ್ಯಸ್ಥಳವೂ ಆಗಿದ್ದಿಲ್ಲ. ೧೮೬೪ರಲ್ಲಿ ಹೊಸದಾಗಿ ಕೂಡಿಸಿದ ಕಲಾದಗಿ ಜಿಲ್ಲೆಗೆ ಕಲಾದಗಿಯೇ ಕಚೇರಿಯ ಊರು. ೧೮೮೫ರಲ್ಲಿ ಅದನ್ನು ವಿಜಾಪುರಕ್ಕೆ ತಂದರು. ೧೬೮೬ರಲ್ಲಿ ಔರಂಗಜೇಬನ ಕೈಸೇರಿದ ಮೇಲೆ ಈ ಊರು ಅರಮನೆಗಳ ಹಾಳುಗೋಡೆಗಳ ನಡುವೆ ದಿನ ಕಳೆಯುತ್ತಿದ್ದಿತು. ಆ ಪಾಳುಪಟ್ಟಣಕ್ಕೆ ಮುಂಬಯಿ ಸರಕಾರದ ಅಪ್ಪಣೆಯಿಂದ ಒಂದು ಸಣ್ಣ ತಂಡವು ಬಂದಿಳಿಯಿತು. ತ್ರಿಕೋಣಮಿತಿ ಸರ್ವೇ ಖಾತೆಯ ಕ್ಯಾಪ್ಟನ್ ಹೇಗ್ ಅದರ ಮುಖಂಡರು. ಅವರೊಡನೆ ಕ್ಯಾಪ್ಟನ್ ಟ್ಯಾನರ್ ಇದ್ದರು. ಪುಣೆಯ ಗಣಿತದ ಪ್ರಾಧ್ಯಾಪಕರಾದ ಕೇರೋ ಲಕ್ಷ್ಮಣ ಛತ್ರೆಯವರೂ ಇದ್ದರು.

ಹೇಗ್ ಸಾಹೇಬರ ಕೈಯಲ್ಲಿದ್ದುದು ರಾಯಲ್ ಸೊಸಾಯಿಟಿಯು ಕಳಿಸಿದ ಒಂದು ಚಿಕ್ಕ ಕೈವರ್ಣದರ್ಶಕವು. ಮೋಡಗಳು ಅವರನ್ನು ಬಹಳ ಕಾಡಿದವು. ಆದರೂ ಒಂದರ ಪಕ್ಕಕ್ಕೊಂದಿದ್ದ ಎರಡು ಕೆಂಜ್ವಾಲೆಗಳ ವರ್ಣಪಟವನ್ನು ಅವರು ಹಿಡಿದರು. ಅದರಲ್ಲಿ ಅಚ್ಚುಕಟ್ಟಾದ ಎರಡು ಬೆಳಕಿನ ಪಟ್ಟೆಗಳು, ಒಂದು ಗುಲಾಬಿಗೆಂಪು, ಇನ್ನೊಂದು ತೆಳುಹೊನ್ನಿನ ಬಣ್ಣದ್ದು. ಇಷ್ಟೇ ಅವರ ವರದಿಯ ಸಾರ. ಆ ಎರಡನೆಯ ಪಟ್ಟೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಕೇರೋಪಂತರ ವಿಷಯವಾಗಿ ಎರಡು ಮಾತು ಹೇಳದೆ ಮುಂದುವರಿಯುವದು ಸರಿಯಲ್ಲ. ಚಿಕ್ಕಂದಿನಲ್ಲಿಯೇ ಮುಂಬಯಿಯ ಕೊಲಾಬಾ ವೇಧಶಾಲೆಯಲ್ಲಿ ಕೆಲಸಕ್ಕೆ ಸೇರಿ, ದುಡಿಯುತ್ತಲೇ ಗಣಿತವನ್ನು ಸಾಧಿಸಿದವರು ಇವರು. ಯುರೋಪಿನ ಹೊಸ ಗಣಿತದ ಆಧಾರದಿಂದ ಗ್ರಹಗಳ ಸ್ಥಾನಗಳನ್ನು ತೆಗೆಯುವ ಕೋಷ್ಟಕಗಳನ್ನು ೧೮೬೦ರಲ್ಲಿ ಮರಾಠಿಯಲ್ಲಿ ಪ್ರಕಟಿಸಿ, ಪಂಚಾಂಗವು ಆಕಾಶಕ್ಕೆ ಸರಿಹೊಂದಬೇಕೆಂದು ಹಟ ತೊಟ್ಟರು. ಬಾಳ ಗಂಗಾಧರ ತಿಳಕರು ಡೆಕ್ಕನ್ ಕಾಲೇಜಿನಲ್ಲಿ ಇವರ ಶಿಷ್ಯರಾಗಿದ್ದರು. ಇಂಗ್ಲಿಷ್ ವರದಿಗಳಲ್ಲಿ ಇವರ ಮನೆತನದ ಹೆಸರು ಬಿಟ್ಟುಹೋಗಿ ಬರಿಯ ‘ಕೇರೋ ಲಕ್ಷುಮನ್’ ಎಂದಿರುವದರಿಂದ ಓದಿದವರಿಗೆ ಗುರುತು ಹತ್ತುವದೇ ಕಷ್ಟ. ನಮ್ಮ ಜಿಲ್ಲೆಯ ಅಭಿಮಾನಿಗಳು ಭಾಸ್ಕರಾಚಾರ್ಯನ ‘ವಿಜ್ಜಡವಿಡ’ವು ವಿಜಾಪುರವೇ ಎಂದು ವಾದಿಸುವದುಂಟು. ಅವನೇ ತನ್ನೂರು ಸಹ್ಯಾದ್ರಿಯ ಬಳಿ ಇರುವದೆಂದು ಹೇಳಿರಲು, ಅವನ ಮೊಮ್ಮಗನ ಕಾಲದ ಶಾಸನವು ಖಾನದೇಶದ ಪಾಟಣದಲ್ಲಿ ದೊರೆತಿರಲು, ಆ ವಾದಕ್ಕೆ ಬಲ ಸಾಲದೆಂದೇ ನನ್ನೆಣಿಕೆ. ಸಂದೇಹದ ಭಾಸ್ಕರನಿಗಾಗಿ ಇಷ್ಟು ಶಾಯಿ ಸುರಿದವರು, ಸಂದೇಹವಿಲ್ಲದೆ ಇಲ್ಲಿಗೆ ಬಂದು ಸೂರ್ಯನನ್ನು ನೋಡಿದ ಕೇರೋಪಂತರಿಗೆ ಒಂದು ಹನಿಯನ್ನೂ ತೆಗೆದಿಡಲಿಲ್ಲ.

ಜಮಖಂಡಿಯು ಆಗ ಪಟವರ್ಧನ ಸಂಸ್ಥಾನಿಕರ ರಾಜಧಾನಿ. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯು ಬೇರೆಯಾದಾಗ ಆ ಊರು ಅದಕ್ಕೆ ಸೇರಿತು. ಅಲ್ಲಿ ಬೀಡುಬಿಟ್ಟವರು ಲೆಫ್ಟನಂಟ್ ಜಾನ್ ಹರ್ಶೆಲ್ಲರು. ಯುರೇನಸ್ ಗ್ರಹವನ್ನು ೧೭೮೧ರಲ್ಲಿ ಕಂಡುಹಿಡಿದ ವಿಲಿಯಮ್ ಹರ್ಶೆಲ್ಲರ ಮೊಮ್ಮಗ. ತಂದೆಯೂ ಲೋಕಪ್ರಸಿದ್ಧ ಖಗೋಲಜ್ಞರು. ರಾಯಲ್ ಸೊಸಾಯಿಟಿಯು ಇವರಿಗೆ ಗಡಿಯಾರದ ಯಂತ್ರದಿಂದ ಸೂರ್ಯನ ಜೊತೆಗೆ ತಿರುಗುವ ದುರ್ಬೀನನ್ನೂ ಅದಕ್ಕೆ ಕೂಡಿಸಿದ ವರ್ಣದರ್ಶಕವನ್ನೂ ಒದಗಿಸಿದ್ದಿತು. ಅಜ್ಜನ ಹೆಸರಿನ ಭಾರ, ಉಪಕರಣದ ಭಾರ, ಎಲ್ಲಕ್ಕೂ ಮಿಗಿಲಾಗಿ ತಲೆಯ ಮೇಲೆ ಮೋಡದ ಭಾರ. ಗ್ರಹಣದ ಮುಂಜಾನೆ ಮೋಡಗಳು ಸಾಲುಸಾಲಾಗಿ ಹಾಯುತ್ತಲೇ ಇದ್ದವು. ಪೂರ್ಣತೆಯು ಆರಂಭವಾದ ಮೇಲೂ ಅವು ಬಿಡಲಿಲ್ಲ. ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಂಡು ಕಾದವನಿಗೆ ದೊರೆಯುವದು ಒಟ್ಟು ಐದು ನಿಮಿಷ, ಅದರಲ್ಲಿಯೂ ಮೋಡವು ಪಾಲು ಕೇಳುವದು!

ಕೊನೆಗೊಮ್ಮೆ ಮೋಡ ಸರಿಯಿತು. ಹರ್ಶೆಲ್ಲರು ಜ್ವಾಲೆಯೊಂದನ್ನು ಸೀಳಿನ ಮೇಲೆ ತಂದು ನೋಡಲಾಗಿ ಕತ್ತಲ ಹಿನ್ನೆಲೆಯ ಮೇಲೆ ಮೂರು ಹೊಳೆಯುವ ಗೆರೆಗಳು ನಿಂತಿದ್ದವು: ಕೆಂಪು, ಕಿತ್ತಳೆ, ನೀಲಿ. ಮತ್ತೇನೂ ಇಲ್ಲ, ಹರಡಿದ ಬಣ್ಣವೂ ಇಲ್ಲ. ಅಂದರೆ ಜ್ವಾಲೆಯು ಉರಿಯುವ ಅನಿಲವೆಂಬುದು ಆ ಕ್ಷಣದಲ್ಲಿಯೇ ಸಿದ್ಧವಾಯಿತು. ಕಿತ್ತಳೆಯ ಗೆರೆಯ ಸ್ಥಾನವನ್ನು ಅವಸರದಿಂದ ಅಳೆದು, ಅದು ಸೋಡಿಯಮ್ಮಿನ ‘ಡಿ’ಯೇ, ಸಂಶಯವಿಲ್ಲವೆಂದು ಅವರು ತೀರ್ಮಾನಿಸಿದರು. ಅವರ ಜೊತೆಯವರಾದ ಲೆಫ್ಟನಂಟ್ ಕ್ಯಾಂಪ್‌ಬೆಲ್ಲರು ಸೂರ್ಯನ ಸುತ್ತಲಿನ ಪ್ರಭಾವಲಯವನ್ನು ಪರೀಕ್ಷಿಸಿ, ಅದರ ಬೆಳಕು ಸೂರ್ಯನಿಂದಲೇ ಬಂದು ಚದರಿದುದೆಂದು ಕಂಡುಕೊಂಡರು. ಇದೂ ಸಣ್ಣ ಸಂಗತಿಯಲ್ಲ.

ಮುಳವಾಡಕ್ಕೆ ಬಂದವರು ಜರ್ಮನರು. ಬಿಸ್ಮಾರ್ಕನು ಕಟ್ಟಿದ ಉತ್ತರ ಜರ್ಮನ್ ಒಕ್ಕೂಟಕ್ಕೆ ಆಗ ವರುಷವೊಂದು ತುಂಬಿದ್ದಿತಷ್ಟೆ. ಕೂಸಿನಂಥ ಆ ರಾಜ್ಯವು ಒಂದು ತಂಡವನ್ನು ಏಡನ್ನಿಗೂ ಇನ್ನೊಂದನ್ನು ನಮ್ಮ ಮುಳವಾಡಕ್ಕೂ ಅಟ್ಟಿತು. ಎರಡನೆಯದರಲ್ಲಿ ಟೀಟ್ಯೆನ್, ಎಂಗೆಲ್‌ಮನ್, ಶ್ಪೋರರ್ ಎಂಬವರಿದ್ದರು. ಸೂರ್ಯನ ಕಲೆಗಳು ಹನ್ನೊಂದು ವರುಷಗಳ ಆವರ್ತದಲ್ಲಿ ಮೆಲ್ಲನೆ ಸೂರ್ಯಮಧ್ಯರೇಖೆಯ ಕಡೆಗೆ ಸರಿಯುವವೆಂಬ ನಿಯಮಕ್ಕೆ ಶ್ಪೋರರನ ಹೆಸರೇ ಉಳಿದಿದೆ.

ಇನ್ನು ಗುಂಟೂರಿನ ಸಂಗತಿ. ಅಲ್ಲಿ ಟೆನೆಂಟ್ ಎಂಬ ಇಂಗ್ಲಿಷ್ ಅಧಿಕಾರಿಯೂ ಫ್ರಾನ್ಸಿನ ಜಾನ್ಸೆನ್ನರೂ ಇದ್ದರು. ಗೆರೆಗಳ ಹೊಳಪನ್ನು ಕಂಡ ಜಾನ್ಸೆನ್ನರಿಗೆ, ಇಷ್ಟು ಪ್ರಖರವಾದ ಗೆರೆಗಳು ಗ್ರಹಣವಿಲ್ಲದಾಗಲೂ ಏಕೆ ಕಾಣಬಾರದೆಂಬ ಆಲೋಚನೆ ಹೊಳೆಯಿತು. ಮರುದಿನ ಬೆಳಿಗ್ಗೆ ವರ್ಣದರ್ಶಕವನ್ನು ಬರಿಯ ಸೂರ್ಯನ ಅಂಚಿಗೆ ಹಿಡಿದರು. ಗೆರೆಗಳು ಅಲ್ಲಿಯೇ ಇದ್ದವು. ಆಕಾಶದ ಬೆಳಕು ಬಣ್ಣಬಣ್ಣವಾಗಿ ಹರಡಿ ಮಬ್ಬಾಗುವದು, ಗೆರೆಯಾದರೋ ಗೆರೆಯಾಗಿಯೇ ಉಳಿಯುವದು. ಇದೇ ಅದರ ಮರ್ಮ. ಇಂಗ್ಲಂಡದಲ್ಲಿ ಕುಳಿತೇ ಲಾಕಿಯರ್ ಎಂಬವರು ಅಕ್ಟೋಬರ ೨೦ರಂದು ಇದನ್ನೇ ಸ್ವತಂತ್ರವಾಗಿ ಸಾಧಿಸಿದರು. ಇಬ್ಬರ ಪತ್ರಗಳೂ ಪ್ಯಾರಿಸ್ಸಿನ ವಿದ್ವತ್ಸಭೆಗೆ ಒಂದೇ ದಿನ ಮುಟ್ಟಿದವು. ೧೮೭೨ರಲ್ಲಿ ಫ್ರೆಂಚ್ ಸರಕಾರವು ಇಬ್ಬರ ಮುಖಗಳನ್ನೂ ಜೋಡಿಸಿ ಒಂದು ಪದಕವನ್ನು ಟಂಕಿಸಿತು.

ಹಳದಿಯ ಗೆರೆಯು ಸೋಡಿಯಮ್ಮಿನದಲ್ಲವೆಂಬುದು ಹೊರಬಿದ್ದುದು ಈ ಬಳಿಕ, ಸಾವಕಾಶವಾಗಿ ಅಳೆಯಲು ಬಂದಾಗ. ಅದು ‘ಡಿ’ಯ ಪಕ್ಕದಲ್ಲಿ ತುಸು ಸರಿದು ನಿಂತಿದ್ದಿತು. ಭೂಮಿಯ ಮೇಲಿನ ಯಾವ ವಸ್ತುವೂ ಆ ಗೆರೆಯನ್ನು ಕೊಡದೆ ಇರಲು, ಸೂರ್ಯನಲ್ಲಿ ಹೊಸ ಮೂಲವಸ್ತುವಿರುವದೆಂದು ಲಾಕಿಯರ್ ಊಹಿಸಿದರು. ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಹೀಲಿಯಮ್ ಎಂಬ ಹೆಸರು ಬಂದಿತು. ಹಲವರು ನಕ್ಕರು. ೧೮೯೫ರಲ್ಲಿ ರಾಮ್ಸೆಯವರು ಒಂದು ಖನಿಜದಿಂದ ಅದೇ ಅನಿಲವನ್ನು ಹೊರಡಿಸಿದ ಮೇಲೆ ನಗುವವರು ಸುಮ್ಮನಾದರು.

ಹೀಲಿಯಮ್ಮನ್ನು ಗುಂಟೂರಿನಲ್ಲಿ ಜಾನ್ಸೆನ್ನರು ಕಂಡುಹಿಡಿದರೆಂದು ಪಾಠಪುಸ್ತಕಗಳಲ್ಲಿ ಬರೆಯುವ ವಾಡಿಕೆಯುಂಟು. ಅದು ಪೂರ್ತಿ ಸರಿಯಲ್ಲ. ಗೆರೆಯನ್ನು ಅಂದು ಕಂಡವರು ಹಲವರು. ಮಚಲೀಪಟ್ಟಣದಲ್ಲಿ ಮದ್ರಾಸಿನ ಪಾಗ್‌ಸನ್ನರೂ ಕಂಡು, ಅದು ‘ಡಿ’ ಅಥವಾ ‘ಡಿ’ಯ ಸಮೀಪದ್ದೆಂದು ಎಚ್ಚರಿಕೆಯಿಂದ ಬರೆದರು. ಗೆರೆಯು ಬೇರೆಯೆಂದು ಅರಿತ ಕೀರ್ತಿಯು ಲಾಕಿಯರರಿಗೇ ಸಲ್ಲಬೇಕು. ಆದರೆ ವಿಜಾಪುರದಲ್ಲಿ ಹೇಗ್ ಸಾಹೇಬರ ಕಣ್ಣಿಗೆ ಬಿದ್ದ ತೆಳುಹೊನ್ನಿನ ಪಟ್ಟೆಯೂ, ಜಮಖಂಡಿಯಲ್ಲಿ ಹರ್ಶೆಲ್ಲರು ಸಂಶಯವಿಲ್ಲವೆಂದು ತಪ್ಪಾಗಿ ಹೆಸರಿಸಿದ ಕಿತ್ತಳೆಯ ಗೆರೆಯೂ ಇದೇ ಹೀಲಿಯಮ್ಮಿನ ಬೆಳಕೇ. ಹರ್ಶೆಲ್ಲರನ್ನು ದೂರುವಂತಿಲ್ಲ. ಮೋಡದ ಸಂದಿಯಲ್ಲಿ, ಕೆಲವೇ ಕ್ಷಣಗಳಲ್ಲಿ, ನಡುಗುವ ಕೈಯಿಂದ ಅಳೆದವರಿಗೆ ಕೂದಲೆಳೆಯ ಅಂತರವು ಹೇಗೆ ಸಿಕ್ಕೀತು?

ಅಂದು ನೆರಳಿನ ದಾರಿಯ ಇನ್ನೊಂದು ತುದಿಯಲ್ಲಿ ಒಬ್ಬ ಅರಸನೂ ಕಾದಿದ್ದನು. ಸಯಾಮದ ದೊರೆ ಮೊಂಗ್‌ಕುಟನು ಇಪ್ಪತ್ತೇಳು ವರುಷ ಭಿಕ್ಷುವಾಗಿದ್ದು ೧೮೫೧ರಲ್ಲಿ ಪಟ್ಟವೇರಿದವನು. ನಮ್ಮ ಸಿದ್ಧಾಂತಗಳಿಂದಲೇ ಅಲ್ಲಿಗೆ ಹೋದ ಪ್ರಾಚೀನ ಗಣಿತವನ್ನೂ ಯುರೋಪಿನ ಗಣಿತವನ್ನೂ ಬಲ್ಲ ಅವನು ಗ್ರಹಣದ ಸ್ಥಳವನ್ನೂ ಹೊತ್ತನ್ನೂ ತಾನೇ ಲೆಕ್ಕ ಹಾಕಿ, ಸಮುದ್ರದಂಡೆಯ ವಾಕೋ ಎಂಬ ಕಾಡುಪ್ರದೇಶದಲ್ಲಿ ಬಿಡಾರ ಕಟ್ಟಿಸಿ, ಫ್ರೆಂಚ್ ಖಗೋಲಜ್ಞರನ್ನೂ ಸಿಂಗಾಪುರದ ಗವರ್ನರನನ್ನೂ ಕರೆಸಿಕೊಂಡನು. ಲೆಕ್ಕವು ತಪ್ಪಲಿಲ್ಲ. ಆದರೆ ಆ ಜೌಗುನೆಲದ ಚಳಿಜ್ವರವು ಅರಸನನ್ನು ಹಿಡಿಯಿತು. ಅಕ್ಟೋಬರ ೧ರಂದು ಅವನು ತೀರಿಕೊಂಡನು. ಜೊತೆಗಿದ್ದ ಮಗ ಚೂಲಾಲಂಕರ್ಣನೂ ಬೇನೆ ಬಿದ್ದು ಉಳಿದುಕೊಂಡು, ಮುಂದೆ ೧೯೧೦ರ ವರೆಗೆ ರಾಜ್ಯವಾಳಿದನು.

ಕೇರೋಪಂತರು ೧೮೮೪ರಲ್ಲಿ ಕಾಲವಾದರು. ತಮ್ಮ ಜೊತೆಯ ಸಾಹೇಬರು ಹೊನ್ನಿನ ಪಟ್ಟೆಯೆಂದು ಬರೆದುಕೊಂಡುದು ಯಾವ ವಸ್ತುವಿನದೆಂದು ಭೂಮಿಯ ಮೇಲೆ ಗೊತ್ತಾಗುವದಕ್ಕೆ ಆಗ ಇನ್ನೂ ಹನ್ನೊಂದು ವರುಷ ಉಳಿದಿದ್ದವು.